ಓದುಗರ ಪ್ರಶ್ನೆಗೆ ಉತ್ತರ: ಕಂಟೇನರ್‌ನಲ್ಲಿ ಡೇಟಾಬೇಸ್

ಡಾಕರ್‌ನಲ್ಲಿ (ತಂತ್ರಾಂಶವನ್ನು ‘ಕಂಟೇನರ್’ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ಓಡಿಸುವ ಸಾಧನ) ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ಗಳನ್ನು ಓಡಿಸುವ ಬಗ್ಗೆ ಮೈಸೂರು, ಮಂಡ್ಯದ ಕಡೆಯಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣಕ್ಷರ ಬಳಸಿ. ದೊಡ್ಡಕ್ಷರವೇ ಬೇಕಾದ ಕಡೆ ಹಾಗೆಂದು ಹೇಳಿದ್ದೇವೆ.

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಹಾಕಿ ಪೋಸ್ಟ್‌ಗ್ರೆಸ್ ಕಂಟೇನರ್ ಶುರು ಮಾಡಿದ್ದೇನೆ. ಡಿಬೀವರ್‌ನಿಂದ (ಡೇಟಾಬೇಸ್ ನೋಡುವ ತಂತ್ರಾಂಶ) ಕನೆಕ್ಟ್ ಮಾಡಿದರೆ ‘ಪಾಸ್‌ವರ್ಡ್ ಅಥೆಂಟಿಕೇಷನ್ ಫೇಲ್ಡ್’ ಎನ್ನುತ್ತದೆ. ಪಾಸ್‌ವರ್ಡ್ ಹತ್ತು ಸಲ ನೋಡಿದ್ದೇನೆ, ಸರಿಯಾಗಿಯೇ ಇದೆ. ಕಂಟೇನರ್‌ನೊಳಗೆ ಹೋಗಿ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಸಾಧನ) ತೆರೆದರೆ ತಕರಾರಿಲ್ಲದೆ ತೆರೆಯುತ್ತದೆ. ಏನು ತಪ್ಪಾಗಿದೆ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ವಿಜಯನಗರ, ಮೈಸೂರು

ಉತ್ತರ: ಒಳಗೆ ಹೋದಾಗ ತೆರೆಯಿತು ಎನ್ನುವುದನ್ನು ಮೊದಲು ಪಕ್ಕಕ್ಕಿಡಿ. ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜ್ (ಕಂಟೇನರ್ ಹುಟ್ಟುವ ಅಚ್ಚು) ಕಂಟೇನರ್‌ನೊಳಗಿನಿಂದಲೇ ಬರುವ ಸಂಪರ್ಕವನ್ನು ನಂಬಿಬಿಡುತ್ತದೆ, ಪಾಸ್‌ವರ್ಡ್ ಕೇಳುವುದೇ ಇಲ್ಲ. ಹಾಗಾಗಿ ಅಲ್ಲಿ ತೆರೆದುಕೊಂಡಿತೆಂದರೆ ಸರ್ವರ್ ಓಡುತ್ತಿದೆ ಎಂದಷ್ಟೇ ಅರ್ಥ. ನಿಮ್ಮ ಪಾಸ್‌ವರ್ಡ್ ಸರಿಯಿದೆ ಎಂದಲ್ಲ.

ಇನ್ನು ಕಾರಣ ಎರಡರಲ್ಲಿ ಒಂದು. ಕಾಲೇಜಿನ ಲ್ಯಾಬ್ ಕೆಲಸಕ್ಕೆಂದು ಹಿಂದೆ ಯಾವಾಗಲೋ ಪೋಸ್ಟ್‌ಗ್ರೆಸ್ಸನ್ನು ನೇರವಾಗಿ ವಿಂಡೋಸ್‌ಗೇ ಹಾಕಿಕೊಂಡಿದ್ದೀರಾ? ಹಾಗಿದ್ದರೆ ಲ್ಯಾಪ್‌ಟಾಪ್ ಆನ್ ಆದೊಡನೆ ಅದೂ ಎದ್ದು 5432ನೇ ಪೋರ್ಟ್ (ಪೋಸ್ಟ್‌ಗ್ರೆಸ್‌ನ ಮಾಮೂಲಿ ಬಾಗಿಲ ಸಂಖ್ಯೆ) ಹಿಡಿದು ಕೂತಿರುತ್ತದೆ. ವಿಂಡೋಸ್‌ನಲ್ಲಿ ಎಷ್ಟೋ ಸಲ ಎರಡೂ ಸರ್ವರ್ ಒಂದೇ ಪೋರ್ಟ್ ಹೇಳಿಕೊಂಡರೂ ಎರರ್ ಬರುವುದಿಲ್ಲ. ಡಿಬೀವರ್ ಸದ್ದಿಲ್ಲದೆ ಹಳೆಯ ಸರ್ವರ್ ಬಾಗಿಲು ತಟ್ಟುತ್ತದೆ, ಅದಕ್ಕೆ ನಿಮ್ಮ ಹೊಸ ಪಾಸ್‌ವರ್ಡ್ ಗೊತ್ತಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್‌ಸ್ಟ್ಯಾಟ್ -ಎಎನ್‌ಓ | ಫೈಂಡ್‌ಸ್ಟ್ರ್ 5432’ ಕೊಡಿ. ‘ಲಿಸನಿಂಗ್’ ಎಂಬ ಸಾಲುಗಳ ಕೊನೆಯಲ್ಲಿರುವ ಸಂಖ್ಯೆ ಪ್ರಕ್ರಿಯೆಯ ಪಿಐಡಿ. ಎರಡು ಬೇರೆ ಬೇರೆ ಪಿಐಡಿ ಕಂಡರೆ ಕಳ್ಳ ಸಿಕ್ಕಿದ. ಟಾಸ್ಕ್ ಮ್ಯಾನೇಜರ್‌ನ ‘ಡೀಟೇಲ್ಸ್’ ಪುಟದಲ್ಲಿ ಯಾವುದು ಯಾರದು ಎಂದು ನೋಡಬಹುದು. ಹಳೆಯದನ್ನು ಕಿತ್ತುಹಾಕಬೇಕಿಲ್ಲ. ಕಂಟೇನರ್ ಅಳಿಸಿ, ಪೋರ್ಟ್ ಸಾಲನ್ನು ‘-ಪಿ 127.0.0.1:5433:5432’ ಎಂದು ಬದಲಿಸಿ ಮತ್ತೆ ಶುರು ಮಾಡಿ. ಮೊದಲ 127.0.0.1 ಎಂದರೆ ಈ ಯಂತ್ರಕ್ಕೆ ಮಾತ್ರ, ನಡುವಿನ 5433 ಲ್ಯಾಪ್‌ಟಾಪ್‌ನ ಪೋರ್ಟ್, ಕೊನೆಯ 5432 ಕಂಟೇನರ್‌ನೊಳಗಿನದು. ಡಿಬೀವರ್‌ನಲ್ಲಿ 5433 ಹಾಕಿ.

ಎರಡನೆಯ ಕಾರಣ: ಮೊದಲ ಸಲ ಒಂದು ಪಾಸ್‌ವರ್ಡ್ ಕೊಟ್ಟು, ಆಮೇಲೆ ಕಂಪೋಸ್ ಫೈಲ್‌ನಲ್ಲಿ (ಕಂಟೇನರ್‌ಗಳ ಸೆಟ್ಟಿಂಗ್ ಬರೆದಿಡುವ ಫೈಲ್) ಅದನ್ನು ಬದಲಿಸಿರುವುದು. ಪೋಸ್ಟ್‌ಗ್ರೆಸ್_ಪಾಸ್‌ವರ್ಡ್ (ಪೂರ್ತಿ ದೊಡ್ಡಕ್ಷರ) ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನು ಇಮೇಜ್ ಓದುವುದು ಡೇಟಾ ಡೈರೆಕ್ಟರಿ ಖಾಲಿ ಇದ್ದಾಗ ಮಾತ್ರ, ಅಂದರೆ ಜನ್ಮದಲ್ಲಿ ಒಂದೇ ಸಲ. ವಾಲ್ಯೂಮ್‌ನಲ್ಲಿ (ಕಂಟೇನರ್ ಅಳಿದರೂ ಡೇಟಾ ಉಳಿಯುವ ಜಾಗ) ಡೇಟಾ ಇದ್ದರೆ ಹೊಸ ಬೆಲೆಯನ್ನು ಅದು ತಿರುಗಿಯೂ ನೋಡುವುದಿಲ್ಲ. ಹೇಗಿದ್ದರೂ ಒಳಗೆ ಪಾಸ್‌ವರ್ಡ್ ಇಲ್ಲದೆ ಹೋಗಬಹುದಲ್ಲ. ‘ಡಾಕರ್ ಎಕ್ಸೆಕ್ -ಐಟಿ’, ಕಂಟೇನರ್ ಹೆಸರು, ‘ಪಿಎಸ್‌ಕ್ಯೂಎಲ್ -ಯು ಪೋಸ್ಟ್‌ಗ್ರೆಸ್’ ಎಂದು ಒಳಗೆ ಹೋಗಿ (ಇಲ್ಲಿ ಯು ದೊಡ್ಡಕ್ಷರ), ‘\ಪಾಸ್‌ವರ್ಡ್’ ಎಂದು ಕೊಟ್ಟರೆ ಹೊಸದನ್ನು ಎರಡು ಸಲ ಕೇಳಿ ಬದಲಿಸುತ್ತದೆ. ಡೇಟಾ ಅಳಿಸುವ ಅಗತ್ಯವೇ ಇಲ್ಲ.

ಪ್ರಶ್ನೆ: ಕಂಪೋಸ್ ಫೈಲ್‌ನಲ್ಲಿ ಆ್ಯಪ್ ಒಂದು ಕಂಟೇನರ್, ಪೋಸ್ಟ್‌ಗ್ರೆಸ್ ಇನ್ನೊಂದು. ಡಿಬೀವರ್‌ನಿಂದ ಲೋಕಲ್‌ಹೋಸ್ಟ್ ಕೊಟ್ಟರೆ ಡೇಟಾಬೇಸ್ ಸಿಗುತ್ತದೆ, ಆ್ಯಪ್‌ನಿಂದ ಅದೇ ವಿಳಾಸ ಕೊಟ್ಟರೆ ‘ಕನೆಕ್ಷನ್ ರೆಫ್ಯೂಸ್ಡ್’. ಹೊಸ ಸಹೋದ್ಯೋಗಿಗಳ ಯಂತ್ರದಲ್ಲಿ ಮೊದಲ ಸಲ ಓಡಿಸಿದಾಗ ಆ್ಯಪ್ ಸತ್ತೇ ಹೋಗುತ್ತದೆ, ಎರಡನೆಯ ಸಲ ಸರಿ.
— ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಉತ್ತರ: ‘ಅಡುಗೆಮನೆಯಲ್ಲಿದೆ’ ಎಂದರೆ ಯಾರ ಅಡುಗೆಮನೆ? ನೀವು ನಿಂತಿರುವ ಮನೆಯದು. ಲೋಕಲ್‌ಹೋಸ್ಟ್ ಕೂಡ ಹಾಗೆಯೇ. ಡಿಬೀವರ್ ನಿಂತಿರುವುದು ನಿಮ್ಮ ಯಂತ್ರದಲ್ಲಿ, ಆದ್ದರಿಂದ ಅದರ ಲೋಕಲ್‌ಹೋಸ್ಟ್ ನಿಮ್ಮ ಯಂತ್ರ. ಆ್ಯಪ್ ನಿಂತಿರುವುದು ತನ್ನ ಕಂಟೇನರ್‌ನಲ್ಲಿ. ಅಲ್ಲಿ ಪೋಸ್ಟ್‌ಗ್ರೆಸ್ ಇಲ್ಲ, ಬಾಗಿಲು ತೆರೆಯುವವರಿಲ್ಲ. ಕಂಪೋಸ್ ಪ್ರತಿ ಸರ್ವೀಸ್‌ನ ಹೆಸರನ್ನೇ ವಿಳಾಸವಾಗಿಸುತ್ತದೆ. ಫೈಲ್‌ನಲ್ಲಿ ಸರ್ವೀಸ್ ಹೆಸರು ‘ಡಿಬಿ’ ಎಂದಿದ್ದರೆ ಆ್ಯಪ್‌ಗೆ ಹೋಸ್ಟ್ ‘ಡಿಬಿ’, ಪೋರ್ಟ್ 5432. ಹೊರಗೆ 5433 ಎಂದು ಕೊಟ್ಟಿದ್ದರೂ ಒಳಗಿನವರಿಗೆ 5432ಯೇ, ಏಕೆಂದರೆ ಕಂಟೇನರ್‌ನಿಂದ ಕಂಟೇನರ್‌ಗೆ ಹೋಗುವ ದಾರಿ ನಿಮ್ಮ ಯಂತ್ರದ ಪೋರ್ಟ್ ಹಾಯುವುದಿಲ್ಲ. ಪಿಜಿಅಡ್ಮಿನ್ನನ್ನು (ಬ್ರೌಸರ್‌ನಲ್ಲಿ ಡೇಟಾಬೇಸ್ ನೋಡುವ ತಂತ್ರಾಂಶ) ಕಂಟೇನರ್‌ನಲ್ಲಿ ಓಡಿಸುವವರೂ ಇದೇ ಕಡೆ ಎಡವುತ್ತಾರೆ. ಬ್ರೌಸರ್ ನಿಮ್ಮ ಯಂತ್ರದಲ್ಲಿದ್ದರೂ ಕನೆಕ್ಟ್ ಮಾಡುವುದು ಕಂಟೇನರ್‌ನೊಳಗಿನ ಪಿಜಿಅಡ್ಮಿನ್, ಹಾಗಾಗಿ ಅಲ್ಲೂ ‘ಡಿಬಿ’, 5432.

ಉಲ್ಟಾ ದಿಕ್ಕಿಗೆ, ಅಂದರೆ ಕಂಟೇನರ್‌ನಿಂದ ನಿಮ್ಮ ಯಂತ್ರದಲ್ಲೇ ಓಡುವ ಸರ್ವರ್‌ಗೆ ಹೋಗಲು, ಡಾಕರ್ ಡೆಸ್ಕ್‌ಟಾಪ್‌ನಲ್ಲಿ ‘ಹೋಸ್ಟ್.ಡಾಕರ್.ಇಂಟರ್ನಲ್’ ಎಂಬ ಹೆಸರಿದೆ. ಲಿನಕ್ಸ್‌ನಲ್ಲಿ ಬರೀ ಡಾಕರ್ ಎಂಜಿನ್ ಇದ್ದರೆ ಅದು ತಾನಾಗಿ ಇರುವುದಿಲ್ಲ; ‘ಎಕ್ಸ್‌ಟ್ರಾ_ಹೋಸ್ಟ್ಸ್’ ಕೆಳಗೆ ‘ಹೋಸ್ಟ್.ಡಾಕರ್.ಇಂಟರ್ನಲ್:ಹೋಸ್ಟ್-ಗೇಟ್‌ವೇ’ ಎಂದು ಸೇರಿಸಬೇಕು.

ಎರರ್ ಮಾತುಗಳನ್ನು ಬೇರೆ ಬೇರೆಯಾಗಿಯೇ ಓದಿ. ‘ರೆಫ್ಯೂಸ್ಡ್’ ಎಂದರೆ ಮನೆ ಸಿಕ್ಕಿತು, ಆ ಬಾಗಿಲಲ್ಲಿ ಯಾರೂ ಇಲ್ಲ. ‘ಹೋಸ್ಟ್ ನೇಮ್’ ಅರ್ಥವಾಗಲಿಲ್ಲ ಎಂದರೆ ಸರ್ವೀಸ್ ಹೆಸರು ತಪ್ಪು, ಇಲ್ಲವೆ ಎರಡು ಕಂಟೇನರ್ ಬೇರೆ ಬೇರೆ ನೆಟ್‌ವರ್ಕ್‌ನಲ್ಲಿವೆ. ‘ಟೈಮ್‌ಔಟ್’ ಆದರೆ ನಡುವೆ ಫೈರ್‌ವಾಲ್ ಇದೆಯೇ ನೋಡಿ. ‘ಪಾಸ್‌ವರ್ಡ್ ಫೇಲ್ಡ್’ ಬಂತೆಂದರೆ ಯಾವುದೋ ಒಂದು ಸರ್ವರ್ ಸಿಕ್ಕಿದೆ; ಅದು ನಿಮ್ಮದೇ ಸರ್ವರ್ ಹೌದೇ ಎಂದು ಮೊದಲ ಉತ್ತರದಲ್ಲಿ ಹೇಳಿದಂತೆ ನೋಡಿ.

ಮೊದಲ ಸಲ ಸಾಯುವ ಸಮಸ್ಯೆಗೆ ಬೇರು ಬೇರೆ. ‘ಡಿಪೆಂಡ್ಸ್_ಆನ್’ ಎಂದು ಹೆಸರು ಮಾತ್ರ ಬರೆದರೆ ಕಂಪೋಸ್ ಡೇಟಾಬೇಸ್ ಕಂಟೇನರ್ ಶುರುವಾಗುವವರೆಗೆ ಕಾಯುತ್ತದೆಯೇ ಹೊರತು ಒಳಗಿನ ಸರ್ವರ್ ಸಿದ್ಧವಾಗುವವರೆಗೆ ಅಲ್ಲ. ಮೊದಲ ಸಲ ಡೇಟಾ ಡೈರೆಕ್ಟರಿ ಕಟ್ಟಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಡೇಟಾಬೇಸ್‌ಗೆ ‘ಹೆಲ್ತ್‌ಚೆಕ್’ (ಸಿದ್ಧವೇ ಎಂದು ಆಗಾಗ ಕೇಳುವ ಪರೀಕ್ಷೆ) ಕೊಡಿ: ಕಮಾಂಡ್ ‘ಪಿಜಿ_ಈಸ್‌ರೆಡಿ -ಹೆಚ್ 127.0.0.1’, ಇಂಟರ್‌ವಲ್ 5 ಸೆಕೆಂಡ್, ಟೈಮ್‌ಔಟ್ 3, ರೀಟ್ರೈಸ್ 10. ಆ್ಯಪ್‌ನ ‘ಡಿಪೆಂಡ್ಸ್_ಆನ್’ ಕೆಳಗೆ ‘ಕಂಡಿಷನ್: ಸರ್ವೀಸ್_ಹೆಲ್ತಿ’ ಎಂದು ಬರೆಯಿರಿ.

ಆ ‘-ಹೆಚ್ 127.0.0.1’ ಬಿಡಬೇಡಿ. ಮೊದಲ ಸಲ ಇಮೇಜ್ ಒಂದು ತಾತ್ಕಾಲಿಕ ಸರ್ವರ್ ಎಬ್ಬಿಸಿ, ನಿಮ್ಮ ಇನಿಟ್ ಸ್ಕ್ರಿಪ್ಟ್‌ಗಳನ್ನು ಓಡಿಸಿ, ಅದನ್ನು ನಿಲ್ಲಿಸಿ, ನಿಜವಾದ ಸರ್ವರ್ ಎಬ್ಬಿಸುತ್ತದೆ. ತಾತ್ಕಾಲಿಕ ಸರ್ವರ್ ಯೂನಿಕ್ಸ್ ಸಾಕೆಟ್‌ನಲ್ಲಿ (ಕಂಟೇನರ್‌ನ ಒಳಬಾಗಿಲು) ಮಾತ್ರ ಕೇಳಿಸಿಕೊಳ್ಳುತ್ತದೆ, ನೆಟ್‌ವರ್ಕ್‌ನಲ್ಲಲ್ಲ. ವಿಳಾಸ ಕೊಡದಿದ್ದರೆ ಪಿಜಿ_ಈಸ್‌ರೆಡಿ ಸಾಕೆಟ್ ಮೂಲಕ ಕೇಳಿ ‘ಸಿದ್ಧ’ ಎಂದುಬಿಡುತ್ತದೆ. ಆ್ಯಪ್ ಬರುವಷ್ಟರಲ್ಲಿ ಸರ್ವರ್ ನಿಂತಿರುತ್ತದೆ. ನಿಮ್ಮ ಸಹೋದ್ಯೋಗಿಗಳಿಗೆ ಆಗುತ್ತಿರುವುದು ಬಹುಮಟ್ಟಿಗೆ ಇದೇ.

ಪ್ರಶ್ನೆ: ಗೊಬ್ಬರದ ಅಂಗಡಿಯ ಬಿಲ್ಲಿಂಗ್ ತಂತ್ರಾಂಶ ಉಬುಂಟು ಕಂಪ್ಯೂಟರಿನಲ್ಲಿದೆ, ಪೋಸ್ಟ್‌ಗ್ರೆಸ್ ಡಾಕರ್‌ನಲ್ಲಿ. ಕರೆಂಟು ಹೋಗಿ ಬಂದು ಮಾಡುತ್ತದೆ. ಲೆಕ್ಕವೆಲ್ಲ ಹಾಳಾಗುವ ಭಯ. ವಾಲ್ಯೂಮ್ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟರೆ ಸಾಕೇ?
— ಮಳವಳ್ಳಿ, ಮಂಡ್ಯ ಜಿಲ್ಲೆ

ಉತ್ತರ: ಸಾಲದು. ಸರ್ವರ್ ಓಡುತ್ತಿರುವಾಗ ಫೋಲ್ಡರ್ ಕಾಪಿ ಮಾಡಿದರೆ ಒಂದು ಫೈಲ್ ಹತ್ತು ಗಂಟೆಯ ಸ್ಥಿತಿಯಲ್ಲಿ, ಇನ್ನೊಂದು ಹತ್ತೂ ಐದರ ಸ್ಥಿತಿಯಲ್ಲಿ ಬರುತ್ತದೆ. ಅಂಥ ಕಾಪಿ ತೆರೆಯದೇ ಇರಬಹುದು; ತೆರೆದು ಒಳಗೊಳಗೇ ತಪ್ಪು ಲೆಕ್ಕ ಇಟ್ಟುಕೊಂಡಿರುವುದು ಅದಕ್ಕಿಂತ ಕೆಟ್ಟದ್ದು.

ಕರೆಂಟಿನ ವಿಷಯದಲ್ಲಿ ಭಯ ಅರ್ಧ ಕಡಿಮೆ ಮಾಡಿಕೊಳ್ಳಿ. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ವಾಲ್ ಎಂಬ ರೋಜುಪುಸ್ತಕದಲ್ಲಿ ಬರೆದು ಡಿಸ್ಕ್‌ಗೆ ಒತ್ತಿ, ಆಮೇಲೆ ಬಿಲ್ ಆಯಿತು ಎನ್ನುತ್ತದೆ. ಕರೆಂಟು ಬಂದ ಮೇಲೆ ಆ ಪುಸ್ತಕ ಓದಿ ಖಾತೆ ಸರಿಪಡಿಸಿಕೊಳ್ಳುತ್ತದೆ. ಲಾಗ್‌ನಲ್ಲಿ ‘ಆಟೊಮ್ಯಾಟಿಕ್ ರಿಕವರಿ ಇನ್ ಪ್ರೋಗ್ರೆಸ್’ ಎಂದು ಕಂಡರೆ ಗಾಬರಿಯಾಗಿ ಕಂಟೇನರ್ ನಿಲ್ಲಿಸಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ. ವೇಗ ಬರುತ್ತದೆಂದು ಯಾರಾದರೂ ‘ಎಫ್‌ಸಿಂಕ್’ (ಹೀಗೆ ಡಿಸ್ಕ್‌ಗೆ ಒತ್ತುವ ಸೆಟ್ಟಿಂಗ್) ಆಫ್ ಮಾಡಿಟ್ಟಿದ್ದರೆ ಈ ರಕ್ಷಣೆಯೇ ಇಲ್ಲ; ಪಿಎಸ್‌ಕ್ಯೂಎಲ್‌ನಲ್ಲಿ ‘ಶೋ ಎಫ್‌ಸಿಂಕ್;’ ಎಂದು ಕೇಳಿ, ‘ಆನ್’ ಬರಲೇಬೇಕು. ಕಂಪ್ಯೂಟರಿಗೊಂದು ಯುಪಿಎಸ್ ಹಾಕಿ. ಕಂಪೋಸ್ ಫೈಲ್‌ನಲ್ಲಿ ‘ರೀಸ್ಟಾರ್ಟ್: ಅನ್‌ಲೆಸ್-ಸ್ಟಾಪ್ಡ್’ ಇದ್ದರೆ ಯಂತ್ರ ಎದ್ದಾಗ ಡೇಟಾಬೇಸ್ ತಾನೇ ಏಳುತ್ತದೆ. ಡಾಕರ್ ಒಂದು ಕಂಟೇನರ್ ನಿಲ್ಲಿಸಲು 10 ಸೆಕೆಂಡ್ ಮಾತ್ರ ಕೊಡುತ್ತದೆ, ಆಮೇಲೆ ಕತ್ತು ಹಿಸುಕುತ್ತದೆ. ‘ಸ್ಟಾಪ್_ಗ್ರೇಸ್_ಪೀರಿಯಡ್: 60ಎಸ್’ ಎಂದು ಬರೆದು ಉಸಿರಾಡಲು ಬಿಡಿ.

ಬ್ಯಾಕಪ್‌ಗೆ ಪಿಜಿ_ಡಂಪ್ ಬಳಸಿ. ಅದು ಸರ್ವರ್ ಓಡುತ್ತಿದ್ದಾಗಲೂ ಒಂದೇ ಕ್ಷಣದ ಚಿತ್ರ ತೆಗೆಯುತ್ತದೆ, ಬಿಲ್ಲಿಂಗ್ ನಿಲ್ಲಿಸಬೇಕಿಲ್ಲ. ಕಂಟೇನರ್‌ನೊಳಗೆ ‘ಪಿಜಿ_ಡಂಪ್ -ಯು ಪೋಸ್ಟ್‌ಗ್ರೆಸ್ -ಎಫ್‌ಸಿ -ಎಫ್ /ಟಿಎಂಪಿ/ಅಂಗಡಿ.ಡಂಪ್’, ಕೊನೆಗೆ ಡೇಟಾಬೇಸ್ ಹೆಸರು. ಯು ಮತ್ತು ಎಫ್‌ಸಿಯ ಎಫ್ ದೊಡ್ಡಕ್ಷರ, ಮುಂದಿನ -ಎಫ್ ಸಣ್ಣದು. ನಂತರ ‘ಡಾಕರ್ ಸಿಪಿ’ಯಿಂದ ಫೈಲ್ ಹೊರಗೆ ತನ್ನಿ. ಇಷ್ಟು ಸುತ್ತು ಏಕೆಂದರೆ, ‘ಡಾಕರ್ ಎಕ್ಸೆಕ್ -ಐಟಿ’ ಕೊಟ್ಟು ‘>’ ಗುರುತಿನಿಂದ ಹೊರಗೆ ಸುರಿದರೆ, ಆ ‘ಟಿ’ ಕರೆಯುವ ಟರ್ಮಿನಲ್ ಸಾಲು ಮುಗಿಯುವ ಕಡೆಯೆಲ್ಲ ಒಂದೊಂದು ಬೈಟ್ ಸೇರಿಸುತ್ತದೆ. ಫೈಲ್ ಸೃಷ್ಟಿಯಾಗುತ್ತದೆ, ಗಾತ್ರವೂ ಸರಿ ಅನ್ನಿಸುತ್ತದೆ, ಮರಳಿ ತುಂಬುವ ದಿನ ಮಾತ್ರ ಕೈಕೊಡುತ್ತದೆ. ವಿಂಡೋಸ್‌ನ ಹಳೆಯ ಪವರ್‌ಶೆಲ್ 5.1ರಲ್ಲೂ ‘>’ ಇದೇ ಬಗೆಯ ಹಾನಿ ಮಾಡುತ್ತದೆ, ಅಲ್ಲಿ ಅಕ್ಷರ ಸಂಕೇತವೇ ಬದಲಾಗುತ್ತದೆ.

ರಾತ್ರಿ ಕಂಪ್ಯೂಟರ್ ಆರಿಸುವ ಅಂಗಡಿಗೆ ರಾತ್ರಿ ಎರಡರ ಬ್ಯಾಕಪ್ ಹಾಕಿ ಪ್ರಯೋಜನವಿಲ್ಲ. ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಸೌಲಭ್ಯ) ಮಧ್ಯಾಹ್ನ ಊಟದ ಹೊತ್ತಿಗೊಂದು, ಬಾಗಿಲು ಹಾಕುವ ಮುಂಚೆ ಒಂದು ಇಡಿ. ವಾರಕ್ಕೊಮ್ಮೆ ಪೆನ್‌ಡ್ರೈವ್ ಮನೆಗೆ ಹೋಗಲಿ. ತಿಂಗಳಿಗೊಮ್ಮೆ ‘ಪರೀಕ್ಷೆ’ ಎಂಬ ಖಾಲಿ ಡೇಟಾಬೇಸ್ ಮಾಡಿ, ಪಿಜಿ_ರಿಸ್ಟೋರ್‌ನಿಂದ ಅದರೊಳಗೆ ತುಂಬಿ, ಬಿಲ್‌ಗಳ ಎಣಿಕೆ ಮತ್ತು ಕೊನೆಯ ಬಿಲ್ ನಂಬರ್ ತಾಳೆ ನೋಡಿ. ತಾಳೆ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಎರಡು ಎಚ್ಚರಿಕೆ. ‘ಡಾಕರ್ ಕಂಪೋಸ್ ಡೌನ್’ ಕಂಟೇನರ್ ಅಳಿಸುತ್ತದೆ, ವಾಲ್ಯೂಮ್ ಉಳಿಯುತ್ತದೆ. ಅದರ ಮುಂದೆ ‘-ವಿ’ ಸೇರಿದರೆ ಫೈಲ್‌ನಲ್ಲಿ ಹೆಸರಿಸಿದ ವಾಲ್ಯೂಮ್ ಕೂಡ ಹೋಗುತ್ತದೆ, ಕೇಳದೆ, ಹೇಳದೆ. ಮತ್ತು ಒಂದೇ ವಾಲ್ಯೂಮ್ ಮೇಲೆ ಎರಡು ಪೋಸ್ಟ್‌ಗ್ರೆಸ್ ಕಂಟೇನರ್ ಓಡಿಸಬೇಡಿ. ಸಾಧಾರಣ ಯಂತ್ರದಲ್ಲಿ ಲಾಕ್ ಫೈಲ್ ನೋಡಿ ಎರಡನೆಯದು ಹಿಂದೆ ಸರಿಯುತ್ತದೆ. ಕಂಟೇನರ್‌ಗಳಿಗೆ ಒಂದರ ಪ್ರಕ್ರಿಯೆ ಇನ್ನೊಂದಕ್ಕೆ ಕಾಣದ್ದರಿಂದ ಆ ಕಾವಲು ನಂಬಿಕೆಗೆ ಅರ್ಹವಲ್ಲ.

ಪ್ರಶ್ನೆ: ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಕನ್ನಡದಲ್ಲಿ ಮೈಎಸ್‌ಕ್ಯೂಎಲ್ ಕಂಟೇನರ್‌ಗೆ ತುಂಬುತ್ತಿದ್ದೇವೆ. ಟರ್ಮಿನಲ್‌ನಲ್ಲಿ ನೋಡಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ಪೋಸ್ಟ್‌ಗ್ರೆಸ್‌ಗೆ ಬದಲಾದರೆ ಅಕಾರಾದಿ ಸರಿಯಾಗುತ್ತದೆಯೇ?
— ಶಿಕ್ಷಕರು, ಪಾಂಡವಪುರ

ಉತ್ತರ: ಮೊದಲು ಅಕ್ಷರಗಳು ಕಳೆದುಹೋಗಿವೆಯೋ, ಕಾಣುತ್ತಿಲ್ಲವೋ ತಿಳಿಯಬೇಕು. ಒಂದು ಸಾಲಿನ ಮೇಲೆ, ಒಳಗಿನ ಬೈಟ್‌ಗಳನ್ನು ತೋರಿಸುವ ಹೆಕ್ಸ್ ಫಂಕ್ಷನ್ ಓಡಿಸಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಮೊದಲ ಎರಡು ಯಾವಾಗಲೂ ‘ಇ0 ಬಿ2’ ಅಥವಾ ‘ಇ0 ಬಿ3’. ‘ಮೈಸೂರು’ ಎಂದು ತುಂಬಿದ್ದರೆ ಮ, ಐತ್ವ, ಸ, ಊತ್ವ, ರ, ಉತ್ವ ಸೇರಿ ಆರು ಸಂಕೇತ, 18 ಬೈಟ್ ಕಾಣಬೇಕು. ಕಂಡರೆ ಡೇಟಾ ಭದ್ರ, ಟರ್ಮಿನಲ್ ಮಾತ್ರ ತೋರಿಸುತ್ತಿಲ್ಲ. ಸಾಲಾಗಿ ‘3ಎಫ್ 3ಎಫ್ 3ಎಫ್’ ಕಂಡರೆ ಅದು ನಿಜವಾದ ಪ್ರಶ್ನಾರ್ಥಕ ಚಿಹ್ನೆಯೇ. ಆ ಸಾಲುಗಳನ್ನು ಮತ್ತೆ ತುಂಬದೆ ಗತಿಯಿಲ್ಲ.

ಟರ್ಮಿನಲ್‌ನಲ್ಲಿ ಕಾಣದಿರುವುದಕ್ಕೆ ಕಾರಣ ಇದು. ಕಂಟೇನರ್‌ನೊಳಗೆ ಭಾಷೆಯ ಸೆಟ್ಟಿಂಗ್ ಇಲ್ಲದ್ದರಿಂದ ಮೈಎಸ್‌ಕ್ಯೂಎಲ್ ಕ್ಲೈಂಟ್ ತಾನು ಲ್ಯಾಟಿನ್ ಅಕ್ಷರಗಳ ಲೋಕದಲ್ಲಿದ್ದೇನೆ ಎಂದುಕೊಳ್ಳುತ್ತದೆ. ‘ಡಾಕರ್ ಎಕ್ಸೆಕ್ -ಐಟಿ -ಇ ಲ್ಯಾಂಗ್=ಸಿ.ಯುಟಿಎಫ್-8’ ಎಂದು ಒಳಗೆ ಹೋಗಿ (ಲ್ಯಾಂಗ್ ಎಂಬುದೂ ಅದರ ಬೆಲೆಯೂ ದೊಡ್ಡಕ್ಷರ), ಕ್ಲೈಂಟ್‌ಗೆ ‘--ಡಿಫಾಲ್ಟ್-ಕ್ಯಾರೆಕ್ಟರ್-ಸೆಟ್=ಯುಟಿಎಫ್8ಎಂಬಿ4’ ಕೊಡಿ. ಟೇಬಲ್ ಕೂಡ ಯುಟಿಎಫ್8ಎಂಬಿ4 ಇರಲಿ. ಹಳೆಯ ಮೂರು ಬೈಟ್‌ನ ‘ಯುಟಿಎಫ್8’ ಕನ್ನಡಕ್ಕೆ ಸಾಕಾಗುತ್ತದೆ, ಇಮೋಜಿ ಬಂದ ದಿನ ಮುರಿಯುತ್ತದೆ.

ಕಾಲಂ ಅಗಲದಲ್ಲಿ ಜಿಪುಣತನ ಬೇಡ. ‘ಶ್ರೀರಂಗಪಟ್ಟಣ’ ಕಣ್ಣಿಗೆ ಆರು ಅಕ್ಷರ. ಡೇಟಾಬೇಸ್ ಎಣಿಸುವುದು 12, ಏಕೆಂದರೆ ಒತ್ತಕ್ಷರದ ಹಲಂತ ಚಿಹ್ನೆಯೂ ಗುಣಿತದ ಗುರುತೂ ಒಂದೊಂದು ಲೆಕ್ಕ. ಪುಸ್ತಕದ ಶೀರ್ಷಿಕೆಗೆ ವಾರ್‌ಚಾರ್ 50 ಕೊಟ್ಟವರು ಆಮೇಲೆ ಪರದಾಡುತ್ತಾರೆ, 300 ಕೊಡಿ.

ಅಕಾರಾದಿ ಪೋಸ್ಟ್‌ಗ್ರೆಸ್‌ಗೆ ಬಂದ ಮಾತ್ರಕ್ಕೆ ಸರಿಯಾಗುವುದಿಲ್ಲ. ಯೂನಿಕೋಡ್ ಕೋಷ್ಟಕದಲ್ಲಿ ‘ಳ’ ಇರುವುದು ‘ಲ’ ಮತ್ತು ‘ವ’ ನಡುವೆ; ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ ಆದ ಮೇಲೆ. ಬರೀ ಸಂಕೇತದ ಕ್ರಮದಲ್ಲಿ ಜೋಡಿಸಿದರೆ ಹಲಸು, ಹಳದಿ, ಹವಳ ಎಂದು ಬರುತ್ತದೆ. ನಿಘಂಟು ಬಳಸಿದವರಿಗೆ ಬೇಕಾದ್ದು ಹಲಸು, ಹವಳ, ಹಳದಿ. ಪೋಸ್ಟ್‌ಗ್ರೆಸ್‌ನಲ್ಲಿ ‘ಕ್ರಿಯೇಟ್ ಕೊಲೇಷನ್’ ಬಳಸಿ, ಪ್ರೊವೈಡರ್ ಐಸಿಯು (ಯೂನಿಕೋಡ್ ಲೈಬ್ರರಿ), ಲೊಕೇಲ್ ಕೆಎನ್-ಐಎನ್ ಎಂದು ಒಂದು ಕೊಲೇಷನ್ (ಜೋಡಣೆಯ ನಿಯಮ) ಮಾಡಿ, ‘ಆರ್ಡರ್ ಬೈ’ ಜೊತೆ ಅದನ್ನು ಹೆಸರಿಸಿ, ಈ ಮೂರು ಪದ ಹಾಕಿ ಪರೀಕ್ಷಿಸಿ. ಇಮೇಜ್ ಆರಿಸುವಾಗ ಚಿಕ್ಕದಾಗಿದೆ ಎಂದು ‘ಆಲ್ಪೈನ್’ ಹಿಡಿಯಬೇಡಿ. ಅದರ ಮಸ್ಲ್ ಲೈಬ್ರರಿಗೆ ಭಾಷಾವಾರು ಜೋಡಣೆ ಗೊತ್ತಿಲ್ಲ. ಡೆಬಿಯನ್ ಆಧಾರಿತ ಇಮೇಜ್ ತೆಗೆದುಕೊಳ್ಳಿ. ಒಮ್ಮೆ ಒಂದರಲ್ಲಿ ಶುರು ಮಾಡಿದ ವಾಲ್ಯೂಮನ್ನು ಇನ್ನೊಂದಕ್ಕೆ ಜೋಡಿಸಿದರೆ ಇಂಡೆಕ್ಸ್‌ಗಳ ಕ್ರಮ ತಪ್ಪುತ್ತದೆ, ಇರುವ ಪುಸ್ತಕವೇ ಹುಡುಕಿದಾಗ ಸಿಗುವುದಿಲ್ಲ. ಆಗ ‘ರೀಇಂಡೆಕ್ಸ್’ ಮಾಡಬೇಕು.

ಪ್ರಶ್ನೆ: ಇಮೇಜ್ ‘ಲೇಟೆಸ್ಟ್’ ಎಂದು ಬರೆದಿದ್ದೆವು. ಮೊನ್ನೆ ಪುಲ್ ಮಾಡಿದ ಮೇಲೆ ಪೋಸ್ಟ್‌ಗ್ರೆಸ್ ಏಳುತ್ತಲೇ ಇಲ್ಲ.
— ಕುವೆಂಪುನಗರ, ಮೈಸೂರು

ಉತ್ತರ: ಡೇಟಾ ಹೋಗಿಲ್ಲ, ಏನನ್ನೂ ಅಳಿಸಬೇಡಿ. ಪೋಸ್ಟ್‌ಗ್ರೆಸ್‌ನ 17ನೇ ಆವೃತ್ತಿಯ ಡೇಟಾ ಫೈಲ್‌ಗಳನ್ನು 18ನೇ ಆವೃತ್ತಿ ಓದುವುದಿಲ್ಲ. ಅದರ ಮೇಲೆ 18ರ ಇಮೇಜ್‌ನಲ್ಲಿ ವಾಲ್ಯೂಮ್ ಕೂರಿಸುವ ಜಾಗವೇ ಬದಲಾಗಿದೆ: 17ರವರೆಗೆ ‘/ವಾರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/ಡೇಟಾ’, 18ರಿಂದ ಕೊನೆಯ ‘ಡೇಟಾ’ ಬಿಟ್ಟು ಅದರ ಮೇಲಿನ ಡೈರೆಕ್ಟರಿ. ಇಮೇಜ್ ಸಾಲನ್ನು ‘ಪೋಸ್ಟ್‌ಗ್ರೆಸ್:17’ ಎಂದು ಹಿಂದಕ್ಕೆ ತಂದು ಎಬ್ಬಿಸಿ. ‘ಪಿಜಿ_ಡಂಪ್‌ಆಲ್’ ತೆಗೆದುಕೊಳ್ಳಿ. ಹೊಸ ಹೆಸರಿನ ಖಾಲಿ ವಾಲ್ಯೂಮ್ ಜೊತೆ 18 ಎಬ್ಬಿಸಿ, ಅದರೊಳಗೆ ತುಂಬಿ, ತಾಳೆ ನೋಡಿ. ಹಳೆಯ ವಾಲ್ಯೂಮ್ ಒಂದೆರಡು ತಿಂಗಳು ಹಾಗೇ ಇರಲಿ. ಡೇಟಾಬೇಸ್‌ಗೆ ‘ಲೇಟೆಸ್ಟ್’ ಎಂದು ಬರೆಯುವುದನ್ನು ಇಂದೇ ಬಿಡಿ.

ಪ್ರಶ್ನೆ: ಡಿಸ್ಕ್‌ನಲ್ಲಿ 200 ಜಿಬಿ ಖಾಲಿ ಇದೆ. ಆದರೂ ದೊಡ್ಡ ವರದಿ ತೆಗೆದಾಗ ಪೋಸ್ಟ್‌ಗ್ರೆಸ್ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎನ್ನುತ್ತದೆ.
— ಮದ್ದೂರು

ಉತ್ತರ: ಸಂದೇಶದ ಮೊದಲ ಅರ್ಧ ಓದಿ, ‘ಶೇರ್ಡ್ ಮೆಮೊರಿ ಸೆಗ್ಮೆಂಟ್’ ಎಂದಿರುತ್ತದೆ. ತುಂಬಿರುವುದು ಡಿಸ್ಕ್ ಅಲ್ಲ, ‘/ಡೆವ್/ಎಸ್‌ಹೆಚ್‌ಎಂ’ ಎಂಬ ಹಂಚಿಕೆಯ ಮೆಮೊರಿ. ಡಾಕರ್ ಅದಕ್ಕೆ ಕೊಡುವುದು 64 ಎಂಬಿ ಮಾತ್ರ, ಹಲವು ವರ್ಕರ್‌ಗಳು ಸೇರಿ ಓಡಿಸುವ ಕ್ವೆರಿಗೆ ಅದು ಸಾಲದು. ಕಂಪೋಸ್‌ನಲ್ಲಿ ‘ಎಸ್‌ಹೆಚ್‌ಎಂ_ಸೈಜ್: 256ಎಂಬಿ’ ಸೇರಿಸಿ ‘ಡಾಕರ್ ಕಂಪೋಸ್ ಅಪ್ -ಡಿ’ ಕೊಡಿ. ಬರೀ ರೀಸ್ಟಾರ್ಟ್ ಸಾಲದು, ಕಂಟೇನರ್ ಹೊಸದಾಗಿ ಸೃಷ್ಟಿಯಾಗಬೇಕು.

ಪ್ರಶ್ನೆ: ಪಾಸ್‌ವರ್ಡ್‌ನಲ್ಲಿ @ ಇದೆ. ಡಿಬೀವರ್‌ನಲ್ಲಿ ಸರಿ, ಆ್ಯಪ್‌ನ ಕನೆಕ್ಷನ್ ಯುಆರ್‌ಎಲ್‌ನಲ್ಲಿ ಹೋಸ್ಟ್ ಸಿಗುತ್ತಿಲ್ಲ ಎನ್ನುತ್ತದೆ.
— ಶ್ರೀರಂಗಪಟ್ಟಣ

ಉತ್ತರ: ಯುಆರ್‌ಎಲ್‌ನಲ್ಲಿ @ ಆದ ಮೇಲೆ ಬರುವುದು ಹೋಸ್ಟ್, ಹಾಗಾಗಿ ನಿಮ್ಮ ಪಾಸ್‌ವರ್ಡ್‌ನ ಬಾಲವೂ ವಿಳಾಸಕ್ಕೆ ಸೇರಿಹೋಗಬಹುದು. @ ಬದಲು %40, # ಬದಲು %23 ಬರೆಯಿರಿ. ಕಂಪೋಸ್ ಫೈಲ್‌ನಲ್ಲಿ $ ಇದ್ದರೆ ಎರಡು ಸಲ, $$ ಎಂದು.

ಪ್ರಶ್ನೆ: ಬಾಡಿಗೆ ಸರ್ವರ್‌ನಲ್ಲಿ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿ 5432 ಮುಚ್ಚಿದ್ದೇನೆ. ಆದರೂ ಮನೆಯಿಂದ ಡಿಬೀವರ್ ಕನೆಕ್ಟ್ ಆಗುತ್ತಿದೆ! ಖುಷಿಪಡಬೇಕೋ ಹೆದರಬೇಕೋ?
— ಸರಸ್ವತಿಪುರಂ, ಮೈಸೂರು

ಉತ್ತರ: ಹೆದರಿ, ಇಂದೇ ಸರಿಪಡಿಸಿ. ಪೋರ್ಟ್ ಪ್ರಕಟಿಸುವಾಗ ಡಾಕರ್ ತಾನೇ ಐಪಿಟೇಬಲ್ಸ್ (ಲಿನಕ್ಸ್‌ನ ಒಳಗಿನ ಫೈರ್‌ವಾಲ್) ನಿಯಮ ಬರೆಯುತ್ತದೆ. ಬರುವ ಪ್ಯಾಕೆಟ್ ಯುಎಫ್‌ಡಬ್ಲ್ಯೂ ಕಾವಲಿಗೆ ಮುಟ್ಟುವ ಮುಂಚೆಯೇ ಕಂಟೇನರ್ ಕಡೆ ತಿರುಗಿಬಿಡುತ್ತದೆ. ‘5432:5432’ ಎಂದರೆ ಜಗತ್ತಿಗೆಲ್ಲ ತೆರೆದ ಬಾಗಿಲು. ಅದನ್ನು ‘127.0.0.1:5432:5432’ ಮಾಡಿ. ಆ್ಯಪ್ ಕೂಡ ಅದೇ ಕಂಪೋಸ್‌ನಲ್ಲಿದ್ದರೆ ಪೋರ್ಟ್ ಸಾಲನ್ನೇ ತೆಗೆದುಹಾಕಬಹುದು, ಒಳಗಿನವರಿಗೆ ಅದು ಬೇಕಿಲ್ಲ ಎಂದು ಮೇಲೆಯೇ ಹೇಳಿದ್ದೇವೆ. ಆದರೆ ನಿಮಗೆ ಮನೆಯಿಂದ ನೋಡಬೇಕು, ಆದ್ದರಿಂದ ಸಾಲು ಇರಲಿ. ಡಿಬೀವರ್‌ನ ಕನೆಕ್ಷನ್ ಸೆಟ್ಟಿಂಗ್‌ನಲ್ಲಿ ಎಸ್‌ಎಸ್‌ಹೆಚ್ (ಸರ್ವರ್‌ವರೆಗೆ ಭದ್ರ ಸುರಂಗ ತೋಡುವ ವಿಧಾನ) ಪುಟ ತೆರೆದು ಸರ್ವರ್‌ನ ವಿಳಾಸ, ಬಳಕೆದಾರ ಹೆಸರು, ಕೀ ಕೊಡಿ. ಮುಖ್ಯ ಪುಟದಲ್ಲಿ ಹೋಸ್ಟ್ 127.0.0.1, ಪೋರ್ಟ್ 5432. ಇಲ್ಲೂ 127.0.0.1 ಎಂದರೆ ನಿಮ್ಮ ಮನೆಯ ಲ್ಯಾಪ್‌ಟಾಪ್ ಅಲ್ಲ, ಸುರಂಗದ ಆ ತುದಿಯ ಸರ್ವರ್. ಈವರೆಗೆ ತೆರೆದಿದ್ದ ಡೇಟಾಬೇಸ್‌ನ ಪಾಸ್‌ವರ್ಡ್ ಬದಲಿಸಿ. ‘\ಡಿಯು’ ಕೊಟ್ಟು ನಿಮಗೆ ಗೊತ್ತಿಲ್ಲದ ಬಳಕೆದಾರರು ಸೇರಿಕೊಂಡಿದ್ದಾರೆಯೇ ನೋಡಿ. ಸೇರಿದ್ದರೆ ಆ ಸರ್ವರ್ ದುರಸ್ತಿ ಮಾಡುತ್ತ ಕೂರದೆ, ಡಂಪ್ ತೆಗೆದು ಹೊಸ ಯಂತ್ರಕ್ಕೆ ಸಾಗಿಸಿ.